ಪೆಟ್ಟಿಗೆಯ ಮೇಲಿನ ಕುಂಟುಮರಿ

ನಮ್ಮೂರಲ್ಲಿ ಯಾರನ್ನಾದರೂ ಕೊಂದು ಹಾಕಿದರೆ ಹೆಣದ ಪೆಟ್ಟಿಗೆಯ ಮೇಲೆ ಒಂದು ಕೋಳಿಮರಿಯನ್ನು ಬಿಡುತ್ತಾರೆ. ಅದು ಪೆಟ್ಟಿಗೆಯ ಮುಚ್ಚಳದ ಗಾಜನ್ನು ಕುಟುಕಿದಷ್ಟೂ ಕೊಂದವನ ಎದೆಯೊಳಗೆ ಕುಟುಕುತ್ತದೆ, ತಡೆಯಲಾರದೆ ಅವನೇ ಒಂದು ದಿನ ಬಾಯಿ ಬಿಡುತ್ತಾನೆ ಎಂದು ನಂಬಿಕೆ. ಮರಿ ಬದುಕಿರುವವರೆಗೆ ಆ ಕುಟುಕು ನಿಲ್ಲುವುದಿಲ್ಲವಂತೆ. ಸಾಂತಾಳ ಮಗ ಜೋವಿತೋನ ಪೆಟ್ಟಿಗೆಗೆ ಮರಿ ಕೊಟ್ಟವಳು ನಾನು. ಕೊಂದವನು ಯಾರೆಂದು ಆಗಲೇ ನನಗೆ ಗೊತ್ತಿತ್ತು. ಅದಕ್ಕೇ ಹತ್ತು ಮರಿಗಳಲ್ಲಿ ಹುಡುಕಿ, ಬೆರಳು ಮುರುಟಿಕೊಂಡು ಹುಟ್ಟಿದ್ದ, ಎರಡು ದಿನವೂ ಉಳಿಯದು ಅನ್ನಿಸಿದ ಒಂದು ಕುಂಟುಮರಿಯನ್ನು ಆರಿಸಿ ಕೊಟ್ಟೆ.

ಕೊಂದವನು ನನ್ನ ತಮ್ಮ ದುಲೊ. ಅಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ, ನನಗೆ ಹದಿನೇಳು. ಹಾಲು ಒಂದನ್ನು ಬಿಟ್ಟು ತಾಯಿ ಕೊಡುವುದೆಲ್ಲವನ್ನೂ ಅವನಿಗೆ ಕೊಟ್ಟೆ. ಮದುವೆಯ ಮಾತು ಬಂದಾಗಲೆಲ್ಲ ಅವನು ಚಿಕ್ಕವನೆಂದು ಮುಂದೆ ಹಾಕಿದೆ. ಆಮೇಲೆ ಕೇಳುವವರೇ ಇರಲಿಲ್ಲ. ಅವನು ತೆಂಗಿನಮರ ಹತ್ತಿ ಕಳ್ಳು ಇಳಿಸುತ್ತಾನೆ. ನಾನು ಅಂಗಳದಲ್ಲಿ ಕೋಳಿ ಸಾಕುತ್ತೇನೆ. ಊರಿನ ಅರ್ಧ ಕೋಳಿಗಳ ಅಜ್ಜಿ ಮುತ್ತಜ್ಜಿಯರು ನನ್ನ ಅಂಗಳದಿಂದಲೇ ಹೋದವು.

ಆ ದಿನ ಬೆಳಗಿನ ಜಾವ ದುಲೊ ಮನೆಗೆ ಬಂದವನೇ ಅಂಗಿ ಬಿಚ್ಚಿ ನನ್ನ ಮುಂದೆ ಹಾಕಿದ.

"ಕಳ್ಳಿಗೆ ಹಾಕೋ ತೊಗಟೆ ಬಣ್ಣ ಅಕ್ಕ. ತೊಳೆದುಬಿಡು" ಅಂದ.

ನಮ್ಮ ಕಡೆಯ ಕಳ್ಳು ಕೆಂಪಗಿರುತ್ತದೆ. ಅದಕ್ಕೆ ಹಾಕುವ ತೊಗಟೆಪುಡಿಯ ಕಲೆ ಬಟ್ಟೆ ಹರಿದರೂ ಹೋಗುವುದಿಲ್ಲ. ಇಪ್ಪತ್ತು ವರ್ಷ ಉಜ್ಜಿ ಉಜ್ಜಿ ಸೋತವಳು ನಾನು. ಈ ಕಲೆ ಮಾತ್ರ ತಣ್ಣೀರಿಗೆ ಅದ್ದಿದ ಕೂಡಲೇ ಬಿಟ್ಟುಕೊಂಡಿತು. ನಾನು ಬಕೆಟ್ಟಿನ ನೀರನ್ನೇ ನೋಡುತ್ತಾ ಕೂತೆ. ಬಿಸಿಲೇರುವ ಹೊತ್ತಿಗೆ ಹಳ್ಳದ ಹತ್ತಿರ ಜೋವಿತೋ ಸತ್ತು ಬಿದ್ದಿದ್ದಾನೆಂದು ಸುದ್ದಿ ಬಂತು. ಹಿಂದಿನ ದಿನ ಕೋಳಿಅಂಕದಲ್ಲಿ ದುಲೊನ ಹುಂಜ ಎದುರಾಳಿಯನ್ನು ಕಂಡು ಓಡಿಹೋದಾಗ ಜೋವಿತೋ "ಮಾರಾಯ, ಅದನ್ನ ಇವತ್ತೇ ಸಾರು ಮಾಡು. ಹೆದರಿ ಹೆದರಿ ಮಾಂಸ ಗಟ್ಟಿಯಾಗೋ ಮುಂಚೆ" ಅಂದಿದ್ದನಂತೆ. ಜನರೆಲ್ಲ ನಕ್ಕಿದ್ದರಂತೆ. ಅಷ್ಟಕ್ಕೆ ಯಾರಾದರೂ ಕತ್ತಿ ತೆಗೆಯುತ್ತಾರೆಂದು ಊರಿಗೆ ಅನ್ನಿಸಲಿಲ್ಲ. ಅಂಥ ಕುಹಕ ಪ್ರತಿ ಭಾನುವಾರ ಇದ್ದದ್ದೇ.

ಮರಿ ಬಿಡಬೇಕೆಂದು ಹಿರಿಯರು ಹೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಮರಿ ಮಾಡಿದ ಹೇಂಟೆ ಆಗ ಇದ್ದದ್ದು ನನ್ನಲ್ಲಿ ಮಾತ್ರ. ಪೆಟ್ಟಿಗೆಯ ಮೇಲೆ ಆ ಕುಂಟುಮರಿ ನಿಲ್ಲಲಾರದೆ ಹೊಟ್ಟೆಯ ಮೇಲೆ ಕೂತಿತು. ಯಾರೋ ನಾಲ್ಕು ಕಾಳು ನುಚ್ಚು ಹಾಕಿದರು. ಕೂತಲ್ಲಿಂದಲೇ ಕುಟುಕತೊಡಗಿತು. ಟಕ್, ಟಕ್. ದುಲೊ ನೀರು ಕುಡಿಯುವ ನೆಪ ಹೇಳಿ ಹೊರಗೆ ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಆಯಿತು. ಯಾರಾದರೂ ನೋಡಿದರೇನೋ ಎಂದು ನಾನು ಸುತ್ತ ಕಣ್ಣಾಡಿಸಿದೆ. ಸಾಂತಾ ನೋಡುತ್ತಿದ್ದಳು. ಆದರೆ ಅವಳು ನೋಡುತ್ತಿದ್ದದ್ದು ಮರಿಯ ಕಾಲನ್ನು.

ಮಣ್ಣು ಮಾಡುವ ದಿನ ಮರಿಯನ್ನು ಗೋರಿಯ ಬಳಿ ಬಿಟ್ಟು ಬರುವುದು ವಾಡಿಕೆ. ಸಂಜೆಯೊಳಗೆ ನಾಯಿಯೋ ಉಡವೋ ಅದನ್ನು ಮುಗಿಸುತ್ತದೆ. ನಾನೂ ಅದನ್ನೇ ಕಾಯುತ್ತಿದ್ದೆ, ಮುಚ್ಚಿಟ್ಟು ಏನು ಪ್ರಯೋಜನ. ಸಾಂತಾ ಬಗ್ಗಿ ಮರಿಯನ್ನು ಎತ್ತಿಕೊಂಡು ಕಪ್ಪು ರವಿಕೆಯೊಳಗೆ ಇಟ್ಟುಕೊಂಡಳು. ಮಾರನೆಯ ಬೆಳಿಗ್ಗೆ ನನ್ನ ಅಂಗಳಕ್ಕೆ ಬಂದಳು.

"ಪನ್ಯಾ, ಇದಕ್ಕೆ ಏನು ತಿನ್ನಿಸ್ಬೇಕು?"

ಒಣಮೀನು ಮಾರಿ ಬದುಕುವ ಸಾಂತಾ ಕೋಳಿ ಕಂಡರೆ ಮೂಗು ಮುರಿಯುತ್ತಿದ್ದವಳು. ಅವಳ ಅಂಗಳದಲ್ಲಿ ನೆಲಕ್ಕೇ ಅನ್ನ ಬಡಿಸಿಕೊಂಡು ತಿನ್ನಬಹುದಿತ್ತು. ನನ್ನ ಅಂಗಳಕ್ಕೆ ಬಂದಾಗಲೆಲ್ಲ ಲಂಗ ಮೇಲೆತ್ತಿಕೊಂಡು "ನಿಮ್ಮನೆಗೆ ಬರೋಕೆ ದೋಣಿ ಬೇಕು ಕಣೇ, ಅಷ್ಟು ಹಿಕ್ಕೆ" ಅನ್ನುತ್ತಿದ್ದಳು. ಈಗ ಅದೇ ಹಿಕ್ಕೆಯ ಮೇಲೆ ಬರಿಗಾಲಲ್ಲಿ ನಿಂತಿದ್ದಳು.

"ಇದು ಉಳಿಯೋದಲ್ಲ ಸಾಂತಾ. ಬಿಟ್ಟುಬಿಡು" ಅಂದೆ.

"ಉಳಿಯೋದೋ ಬಿಡೋದೋ ಆಮೇಲೆ. ಏನು ತಿನ್ನುತ್ತೆ ಹೇಳು."

ಹೇಳಿದೆ. ತೆಂಗಿನಕಾಯಿಯನ್ನು ಸಣ್ಣಗೆ ತುರಿದು ಜೋಳದ ನುಚ್ಚಿಗೆ ಕಲಸು. ನೀರನ್ನು ತೆಂಗಿನ ಚಿಪ್ಪಿನಲ್ಲಿ ಇಡಬೇಡ, ಬಿದ್ದು ಸಾಯುತ್ತದೆ, ಡಬ್ಬಿಯ ಮುಚ್ಚಳದಲ್ಲಿ ಇಡು. ಮುರುಟಿದ ಬೆರಳುಗಳಿಗೆ ರಟ್ಟಿನ ಚೂರು ಕೊಟ್ಟು ದಾರ ಸುತ್ತು. ಹೇಳಬಾರದಿತ್ತು ಅನ್ನಿಸಿದ್ದು ಅವಳು ಹೋದ ಮೇಲೆ. ಕೋಳಿಯ ಮಾತು ಬಂದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ. ನನ್ನಲ್ಲಿ ಉಳಿದಿದ್ದ ನಿಜವೆಲ್ಲ ಅಷ್ಟೇ.

ಅಂದಿನಿಂದ ಅವಳು ಬರದ ದಿನವಿಲ್ಲ. ಬೆಳಿಗ್ಗೆ ಮೀನಿನ ಬುಟ್ಟಿ ಇಳಿಸಿ ನನ್ನ ಮೆಟ್ಟಿಲ ಮೇಲೆ ಕೂರುವಳು. ರೆಕ್ಕೆ ಯಾವಾಗ ಬಲಿಯುತ್ತದೆ, ಹೇನು ಬಿದ್ದರೆ ಏನು ಮಾಡಬೇಕು, ಮಲಗಲು ಮರ ಹತ್ತಿಸಬೇಕೋ ಕಂಬದ ಮೇಲಿನ ಮನೆಯ ಕೆಳಗೇ ಕಟ್ಟಬೇಕೋ. ನಾನು ಬೂದಿ ಅಂದರೆ ಬೂದಿ, ಬುಟ್ಟಿ ಅಂದರೆ ಬುಟ್ಟಿ. ಕೇಳಿ ಮುಗಿದ ಮೇಲೂ ಎದ್ದು ಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾ ಸುಮ್ಮನೆ ಕೂರುವಳು. ನಾನು ಕಸ ಗುಡಿಸುವಂತೆ ನಟಿಸುವೆ. ಕಡೆಗೆ "ಬರ್ತೀನಿ" ಅಂದು ಬುಟ್ಟಿ ಎತ್ತಿಕೊಳ್ಳುವಳು.

ಅವಳು ಬಂದ ಸುಳಿವು ಸಿಕ್ಕರೆ ದುಲೊ ಹಿತ್ತಲಿನಿಂದ ಮರದ ಕಡೆ ಹೋಗುತ್ತಿದ್ದ. ಮೊಟ್ಟೆ ತಿನ್ನುವುದನ್ನು ಬಿಟ್ಟ. ಮಳೆಹನಿ ತಗಡಿನ ಮೇಲೆ ಬಿದ್ದರೂ ತಲೆ ಎತ್ತಿ ನೋಡುತ್ತಿದ್ದ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು "ಅದು ಇನ್ನೂ ಸತ್ತಿಲ್ವಾ ಅಕ್ಕ?" ಅಂದ. ಯಾವುದು ಎಂದು ನಾನು ಕೇಳಲಿಲ್ಲ. ಅವನಿಗೆ ಸಾರು ಬಡಿಸಿದೆ. ನಮ್ಮಿಬ್ಬರ ನಡುವೆ ಆ ವಿಷಯದಲ್ಲಿ ಆದ ಮಾತು ಅದೊಂದೇ.

ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂತು. ಪ್ರತಿ ವರ್ಷ ಬರುತ್ತದೆ. ಕೋಳಿ ಕತ್ತು ತಿರುಚಿಕೊಂಡು ಹಸಿರು ಕಕ್ಕಿ ಸಾಯುತ್ತದೆ. ನನ್ನ ಹದಿನಾಲ್ಕರಲ್ಲಿ ಹನ್ನೊಂದು ಒಂದೇ ವಾರದಲ್ಲಿ ಹೋದವು. ನಾನು ಅವುಗಳನ್ನು ಹೂಳುತ್ತಾ, ದೇವರು ನನ್ನ ಮೇಲೆ ಕೆಂಗಣ್ಣು ಬಿಟ್ಟನಲ್ಲ, ಆ ಒಂದನ್ನೂ ತೆಗೆದುಕೊಂಡುಬಿಡಲಿ ಎಂದುಕೊಂಡೆ. ಅಷ್ಟರಲ್ಲಿ ಸಾಂತಾ ಬೇಲಿಯ ಆಚೆ ಬಂದು ನಿಂತಳು.

"ನನ್ನದು ಇನ್ನೂ ಚೆನ್ನಾಗಿದೆ. ಏನು ಮಾಡಲಿ?"

"ಒಳಗೆ ಬರ್ಬೇಡ" ಅಂದೆ. "ಕಾಲಲ್ಲಿ ರೋಗ ಹೊತ್ಕೊಂಡು ಹೋಗ್ತೀಯ. ಮನೇಲಿ ಬುಟ್ಟಿ ಕೆಳಗೆ ಮುಚ್ಚಿಡು. ಇಪ್ಪತ್ತು ದಿನ ಹೊರಗೆ ಬಿಡ್ಬೇಡ. ನಿನ್ನ ಕಾಲು ತೊಳ್ಕೊಂಡೇ ಒಳಗೆ ಹೋಗು."

ಸುಮ್ಮನೆ ಒಳಗೆ ಕರೆದಿದ್ದರೆ ಸಾಕಾಗಿತ್ತು. ಮೆಟ್ಟಿಲ ಮೇಲೆ ಕೂರಿಸಿ ಒಂದು ಲೋಟ ಕಾಫಿ ಕೊಟ್ಟಿದ್ದರೆ ಉಳಿದದ್ದನ್ನು ರೋಗವೇ ಮಾಡುತ್ತಿತ್ತು. ಬಾಯಿ ನನ್ನ ಮಾತು ಕೇಳಲಿಲ್ಲ. ಇಪ್ಪತ್ತು ದಿನವೂ ಅವಳು ಬೇಲಿಯ ಆಚೆಯೇ ನಿಂತು ಮಾತಾಡಿಸಿ ಹೋದಳು. ಕುಂಟುಮರಿ ಕುಂಟು ಹೇಂಟೆಯಾಯಿತು.

ಮೊಟ್ಟೆ ಇಡುವ ಕಾಲಕ್ಕೆ ಊರಲ್ಲಿ ಹುಂಜಗಳೇ ಉಳಿದಿರಲಿಲ್ಲ. ಇದ್ದದ್ದು ದುಲೊನದೇ, ಅಂಕದಿಂದ ಓಡಿಬಂದಿತ್ತಲ್ಲ, ಅದು. ಅಂಜುಬುರುಕರಿಗೆ ಆಯಸ್ಸು ಜಾಸ್ತಿ. ನಮ್ಮ ಮನೆಯಲ್ಲಿ ಮೂವರೂ ಹಾಗೇ ಉಳಿದುಕೊಂಡಿದ್ದೆವು.

"ನಿನ್ನ ತಮ್ಮನ ಹುಂಜ ನಾಲ್ಕು ದಿನ ಕೊಡು" ಅಂತ ಸಾಂತಾ ಕೇಳಿದಳು.

ಕೊಟ್ಟೆ. ಹದಿಮೂರು ಮೊಟ್ಟೆ ಕಾವಿಗೆ ಇಟ್ಟಳು. ಏಳನೆಯ ದಿನ, ಒಳಗೆ ಮರಿ ಕಟ್ಟಿದೆಯೋ ಎಂದು ಮೊಟ್ಟೆಗಳನ್ನು ಬಿಸಿಲಿಗೆ ಹಿಡಿದು ನೋಡುವುದನ್ನು ನಾನೇ ಹೋಗಿ ತೋರಿಸಿಕೊಟ್ಟೆ. ಜೋವಿತೋನ ಚಪ್ಪಲಿ ಇನ್ನೂ ಬಾಗಿಲ ಬಳಿಯೇ ಇದ್ದವು. ಅಂಗಳದ ತುಂಬ ನುಚ್ಚು, ಗರಿ, ಹಿಕ್ಕೆ. ಆ ಅಂಗಳ ನೋಡಿ ನನಗೆ ಅಳು ಬಂತು. ಹೊಗೆ ಎಂದು ಹೇಳಿ ಕಣ್ಣು ಒರೆಸಿಕೊಂಡೆ. ಒಲೆ ಹಚ್ಚಿರಲಿಲ್ಲ.

ಜೋವಿತೋ ಸತ್ತು ವರ್ಷ ತುಂಬಿದ ದಿನ ಸಾಂತಾ ಶೋಕದ ಕಪ್ಪು ಬಟ್ಟೆ ಬಿಚ್ಚಿದಳು. ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ, ನೀಲಿ ಹೂವಿನ ಅಂಗಿ ತೊಟ್ಟು, ಮುಚ್ಚಿದ ಬುಟ್ಟಿಯೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ದುಲೊ ಅಂಗಳದ ಅಂಚಿನ ತೆಂಗಿನಮರದ ಮೇಲಿದ್ದ. ಅವಳನ್ನು ಕಂಡು ಕತ್ತಿಯ ಸದ್ದು ನಿಲ್ಲಿಸಿದ.

"ಹತ್ತು ಮರಿ ಆಯ್ತು" ಅಂದಳು ಸಾಂತಾ. "ನಿನ್ನ ಪಾಲು ಐದು."

ಹೇಂಟೆ ಕೊಟ್ಟವರಿಗೆ ಮೊದಲ ಕಾವಿನ ಅರ್ಧ ಸೇರಬೇಕು, ಅದು ನಮ್ಮಲ್ಲಿ ನಡೆದುಬಂದ ಕ್ರಮ. ಆದರೆ ಹೆಣದ ಮೇಲಿನ ಮರಿಗೆ ಯಾರೂ ಪಾಲು ಕೇಳುವುದಿಲ್ಲ. ಕೇಳುವಷ್ಟು ದಿನ ಅದು ಬದುಕಿದ್ದೇ ಇಲ್ಲ.

"ನನಗೆ ಬೇಡ ಸಾಂತಾ. ಎಲ್ಲಾ ನೀನೇ ಇಟ್ಕೋ."

"ಬೇಡ ಅಂದ್ರೆ ಹೇಗೆ. ನಿನ್ನ ಅಂಗಳ ಖಾಲಿಯಾಗಿದೆ." ಅವಳು ಬುಟ್ಟಿ ಇಳಿಸಿ ಮುಚ್ಚಳ ತೆಗೆದಳು. ಐದೂ ಹೊರಗೆ ಬಂದು ನನ್ನ ಕಾಲ ಬಳಿ ಸುತ್ತಾಡಿದವು. ಎಲ್ಲವೂ ಗಟ್ಟಿಮುಟ್ಟಾಗಿದ್ದವು. "ನೋಡು, ಒಂದೂ ಕುಂಟಿಲ್ಲ. ಆರಿಸಿ ತಂದಿದೀನಿ."

ನಾನು ಪೊರಕೆ ಎತ್ತಿಕೊಂಡೆ.

"ಆವತ್ತು ನಿನ್ನ ಹತ್ರ ಹತ್ತು ಮರಿ ಇದ್ವು ಪನ್ಯಾ. ನೀನು ಹುಟ್ಟಿದಾಗಿಂದ ಕೋಳಿ ಸಾಕಿದೋಳು. ನಿನ್ನ ಕೈ ತಪ್ಪಿ ಕುಂಟುಮರಿ ಎತ್ಕೊಳ್ಳಲ್ಲ. ಅಷ್ಟು ನನಗೆ ಪೆಟ್ಟಿಗೆ ಮುಂದೇನೇ ಗೊತ್ತಾಯ್ತು."

ಮರದ ಮೇಲೆ ಸದ್ದಿಲ್ಲ. ಅಷ್ಟು ಎತ್ತರಕ್ಕೆ ಅವಳ ಮಾತು ಕೇಳಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಅವಳು ಧ್ವನಿ ಏರಿಸಲೂ ಇಲ್ಲ, ತಲೆ ಎತ್ತಿ ನೋಡಲೂ ಇಲ್ಲ.

"ಯಾರು ಅನ್ನೋದು ಆಮೇಲೆ ಒಂದೊಂದಾಗಿ ತಿಳೀತು. ನಾನು ಬಂದ್ರೆ ಯಾರು ಹಿತ್ತಿಲಿಂದ ಹೋಗ್ತಾರೆ ನೋಡ್ತಿದ್ದೆನಲ್ಲ. ಆದ್ರೆ ನಾನು ನೋಡಿದ್ದನ್ನ ಯಾರು ನಂಬ್ತಾರೆ. ನಿನ್ನ ಬಾಯಲ್ಲಿ ಬರ್ಬೇಕಿತ್ತು. ನಂಗೆ ಕೋಳಿ ಬೇಕಿತ್ತಾ, ನೀನೇ ಹೇಳು. ಒಂದು ವರ್ಷ ದಿನಾ ಬಂದು ಕೋಳಿ ವಿಷಯ ಕೇಳಿದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕೂತೆ. ನೀನು ದಿನಾ ಕೋಳಿ ವಿಷಯಾನೇ ಹೇಳ್ದೆ."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅವಳು ಬೈದಿದ್ದರೆ, ಕೂದಲು ಹಿಡಿದು ಎಳೆದಿದ್ದರೆ ನನಗೆ ಉಪಕಾರವಾಗುತ್ತಿತ್ತು. ಯಾವಾಗಿನಂತೆ ಮೆಟ್ಟಿಲ ಮೇಲೆ ಕೂತು, ಯಾವಾಗಿನಂತೆ ನನ್ನ ಮುಖ ನೋಡುತ್ತಾ ಕಾದಳು. ಇದೇ ಕಡೆಯ ಸಲ ಎಂದು ನನಗೆ ಅರ್ಥವಾಯಿತು. ಒಂದೇ ಹೆಸರು, ಎರಡೇ ಅಕ್ಷರ. ನಾಲ್ಕು ವರ್ಷದ ಹುಡುಗ ಅಮ್ಮನ ಹೆಣದ ಪಕ್ಕ ನನ್ನ ಲಂಗ ಹಿಡಿದು ನಿಂತದ್ದು ಕಣ್ಣ ಮುಂದೆ ಬಂತು. ಬಾಯಿ ತೆರೆದೆ.

"ಮೊದಲ ವಾರ ಮರಿಗಳನ್ನ ಒದ್ದೆ ನೆಲಕ್ಕೆ ಬಿಡ್ಬೇಡ" ಅಂದೆ. "ಶೀತ ಹಿಡಿಯುತ್ತೆ."

ಸಾಂತಾ ಪೂರ್ತಿ ಕೇಳಿಸಿಕೊಂಡಳು.

"ಆಗ್ಲಿ" ಅಂದಳು. ಖಾಲಿ ಬುಟ್ಟಿ ಎತ್ತಿಕೊಂಡು, ಹೋಗುವಾಗ ಮರಿಗಳು ರಸ್ತೆಗೆ ಹೋಗದಂತೆ ಬೇಲಿಯ ಬಾಗಿಲನ್ನು ಎಳೆದು ಮುಚ್ಚಿದಳು. ಅವಳು ಮತ್ತೆ ನಮ್ಮ ಅಂಗಳಕ್ಕೆ ಬಂದಿಲ್ಲ. ಮರಿಗಳು ಈಗ ಹೇಂಟೆಗಳಾಗಿವೆ. ನಾನು ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಅವಕ್ಕೆ ನುಚ್ಚು ಹಾಕುತ್ತೇನೆ, ಅವು ನನ್ನ ಕಾಲ ಬಳಿ ಮೆಟ್ಟಿಲ ಹಲಗೆಯ ಮೇಲೆ ಕುಟುಕುತ್ತವೆ.