ದೊಬ್ರಿಯ ಕಿವಿ

ಮೂರು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಸಂಜೆ, ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಗಂಡ ಹೆಂಡತಿ ಕೂತಿದ್ದರು. ವೆಲಿಕಾ ಟೊಮ್ಯಾಟೊ ಹೆಚ್ಚುತ್ತಿದ್ದಳು. ದೊಬ್ರಿ ತಲೆಯೆತ್ತಿ ಒಂದು ಗಳಿಗೆ ಕಿವಿಗೊಟ್ಟು, "ಈ ವರ್ಷ ಜೀರುಂಡೆಗಳೇ ಬರಲಿಲ್ಲ ನೋಡು," ಅಂದ. ವೆಲಿಕಾಳ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ಜೀರುಂಡೆಗಳು ಆಗ ತಲೆ ಚಿಟ್ಟು ಹಿಡಿಯುವಷ್ಟು ಅರಚಿಕೊಳ್ಳುತ್ತಿದ್ದವು. "ಹೌದು, ಬರಲಿಲ್ಲ," ಅಂದಳು ಅವಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಸುಳ್ಳೇ ಹೇಳಿರಲಿಲ್ಲ ಅಂತಲ್ಲ. ಕಿವಿಯ ವಿಷಯದಲ್ಲಿ ಮಾತ್ರ ಅದೇ ಮೊದಲು.

ಆ ಮನೆಗೆ ರೊಟ್ಟಿ ಬರುತ್ತಿದ್ದದ್ದೇ ದೊಬ್ರಿಯ ಕಿವಿಯಿಂದ. ನಮ್ಮೂರಿನಲ್ಲಿ ಹಿಂದೆ ಸರ್ಕಾರದ್ದೊಂದು ಸ್ಪೀಕರ್ ಕಾರ್ಖಾನೆ ಇತ್ತು. ವೆಲಿಕಾ ಅಲ್ಲಿ ತಾಮ್ರದ ತಂತಿಯಿಂದ ಕಾಯಿಲ್ ಸುತ್ತುವ ಸಾಲಿನಲ್ಲಿದ್ದಳು. ದೊಬ್ರಿ ಕೇಳುವ ಕೋಣೆಯಲ್ಲಿದ್ದ. ಅಂದರೆ ಗೋಡೆಗೆಲ್ಲ ಮೆತ್ತೆ ಬಡಿದ ಕೋಣೆಯೊಳಗೆ ಕೂತು, ತಯಾರಾಗಿ ಬಂದ ಒಂದೊಂದೇ ಸ್ಪೀಕರನ್ನು ಕೇಳಿ ಹೌದು ಅಥವಾ ಅಲ್ಲ ಅನ್ನುವುದೇ ಅವನ ಕೆಲಸ. ಯಂತ್ರಗಳು ಪಾಸು ಮಾಡಿದ್ದನ್ನು ಅವನು ಫೇಲು ಮಾಡುತ್ತಿದ್ದ, ಬಿಚ್ಚಿ ನೋಡಿದರೆ ಅವನದೇ ಸರಿ ಇರುತ್ತಿತ್ತು. ಆಗ ವೆಲಿಕಾ ಕಾಯಿಲ್‌ಗಳ ತಟ್ಟೆ ಹಿಡಿದು ಬಂದು, ಬಾಗಿಲ ಹತ್ತಿರ ನಿಂತು, ಉಸಿರಿನಷ್ಟೇ ಮೆಲ್ಲಗೆ ಏನಾದರೂ ಕೀಟಲೆ ಮಾಡುತ್ತಿದ್ದಳು. ಹತ್ತು ಹೆಜ್ಜೆ ದೂರದಲ್ಲಿ ಬೆನ್ನು ತಿರುಗಿಸಿ ಕೂತ ದೊಬ್ರಿಯ ಕಿವಿಯ ತುದಿ ಕೆಂಪಾಗುತ್ತಿತ್ತು. ಪ್ರೀತಿ ಶುರುವಾಗಿದ್ದು ಹಾಗೆ.

ಆಡಳಿತ ಬದಲಾಯಿತು, ಕಾರ್ಖಾನೆ ಮುಚ್ಚಿತು, ಒಳಗೆ ನಾಯಿಗಳು ಮರಿ ಹಾಕಿದವು. ಇವರಿಬ್ಬರು ಗುಜರಿಗೆ ಹೋಗುತ್ತಿದ್ದ ಒಂದು ಕಾಯಿಲ್ ಯಂತ್ರವನ್ನು ಮನೆಗೆ ತಂದು, ಮನೆಯ ಗ್ಯಾರೇಜಿನಲ್ಲೇ ಸ್ಪೀಕರ್ ಮಾಡುವುದಕ್ಕೆ ನಿಂತರು. ಗಿರಾಕಿಗಳಿಗೇನೂ ಬರವಿರಲಿಲ್ಲ. ನಮ್ಮ ತ್ರಾಕಿಯಾ ಬಯಲಿನಲ್ಲಿ ಮದುವೆ ಅಂದರೆ ಊಟವಲ್ಲ, ಶಬ್ದ. ಪಕ್ಕದ ಮೂರು ಹಳ್ಳಿಗೆ ಕೇಳಿಸದೆ ಹೋದರೆ ಹುಡುಗಿಯ ಅಪ್ಪ ಜಿಪುಣ ಅಂತ ಹೆಸರು ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ವಿದೇಶಿ ಪೆಟ್ಟಿಗೆಗಳು ನಮ್ಮ ಕ್ಲಾರಿನೆಟ್ಟಿನ ಎದುರು ಎರಡು ಮದುವೆ ಬಾಳಿದರೆ ಹೆಚ್ಚು. ದೊಬ್ರಿಯ ಪೆಟ್ಟಿಗೆಗಳು ಹತ್ತು ವರ್ಷ ಬಾಳುತ್ತಿದ್ದವು, ಅದೂ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕುಣಿಯುತ್ತಾ.

ಅವನ ಹೆಸರಿಗೆ ಕಾರಣ ಪೆಟ್ಟಿಗೆಯ ಗಟ್ಟಿತನ ಮಾತ್ರವಲ್ಲ. ಪೆಟ್ಟಿಗೆ ಸಿದ್ಧವಾದ ಮೇಲೆ ಕೊನೆಯ ಕೆಲಸವೊಂದಿದೆ. ತೆಳುವಾದ ಏರು ದನಿಗಳನ್ನು ನುಡಿಸುವ ಟ್ವೀಟರಿಗೆ ಒಂದು ಬಿಳಿ ರೆಸಿಸ್ಟರ್ ಹಾಕಿ ಕಡಿವಾಣ ತೊಡಿಸಬೇಕು. ಹೆಚ್ಚು ಓಮ್ ಹಾಕಿದರೆ ಕ್ಲಾರಿನೆಟ್ ಕಂಬಳಿಯೊಳಗಿಂದ ಊದಿದಂತೆ, ಕಡಿಮೆ ಹಾಕಿದರೆ ಕಿವಿಗೆ ಸೂಜಿ ಚುಚ್ಚಿದಂತೆ. ದೊಬ್ರಿ ಹತ್ತು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿ, ಕಣ್ಣು ಮುಚ್ಚಿ ಕೇಳಿ, ಒಂದೊಂದನ್ನೇ ಬದಲಾಯಿಸಿ ನೋಡುತ್ತಿದ್ದ. ಎಷ್ಟು ಓಮ್ ಅಂತ ಪೆಟ್ಟಿಗೆಯ ಒಳಗೋಡೆಗೆ ಪೆನ್ಸಿಲಿನಲ್ಲಿ ಬರೆದು ಸಹಿ ಹಾಕುತ್ತಿದ್ದ. ಮೊದಲೆಲ್ಲ ನಾಲ್ಕು ಬರೆಯುತ್ತಿದ್ದ. ಜೀರುಂಡೆಗಳು ಬಾರದ ವರ್ಷ ಮೂರಾಯಿತು, ಆಮೇಲೆ ಎರಡು, ಹೋದ ವರ್ಷದಿಂದ ಒಂದು.

ವೆಲಿಕಾ ಏನು ಮಾಡಬೇಕಿತ್ತು ಹೇಳಿ? ನಿನಗೆ ಕಿವಿ ಕೇಳಿಸುವುದಿಲ್ಲ ಅಂತ ಆ ಮನುಷ್ಯನಿಗೆ ಹೇಳುವುದೆಂದರೆ, ನೀನಿನ್ನು ನೀನಲ್ಲ ಅಂತ ಹೇಳಿದ ಹಾಗೆ. ಅವಳು ಒಂದು ಶಾಸ್ತ್ರ ಹುಟ್ಟಿಸಿದಳು. ಹೊಸದಾಗಿ ಬಾಯಿ ಬಿಟ್ಟ ಸ್ಪೀಕರನ್ನು ಒಂದು ದಿನ ಮನೆಯಲ್ಲೇ ಇಟ್ಟುಕೊಳ್ಳಬೇಕು, ಅದೇ ದಿನ ಹೊಸಿಲು ದಾಟಿಸಿದರೆ ದನಿಗೆ ದೃಷ್ಟಿಯಾಗುತ್ತದೆ, ಹಾಗಂತ ತನ್ನ ಅಜ್ಜಿ ಹೇಳುತ್ತಿದ್ದಳು ಅಂದಳು. ಅವಳ ಅಜ್ಜಿ ಜೀವಮಾನದಲ್ಲಿ ಸ್ಪೀಕರ್ ಕಂಡವಳಲ್ಲ. ಮಂಗಳವಾರ ಯಾವ ಕೆಲಸವನ್ನೂ ಶುರು ಮಾಡದ ಊರು ನಮ್ಮದು, ಇದನ್ನೂ ನಂಬಿತು. ದೊಬ್ರಿ ಮೂಗು ಮುರಿದರೂ ಒಪ್ಪಿದ. ಅವನು ಮಧ್ಯಾಹ್ನ ಚೌಕದ ಕಾಫಿ ಅಂಗಡಿಗೆ ಪಗಡೆಯಾಡಲು ಹೋದಾಗ, ಇವಳು ಪೆಟ್ಟಿಗೆಯ ಹಿಂದಿನ ಎಂಟು ಸ್ಕ್ರೂ ಬಿಚ್ಚಿ, ಅವನು ಹಾಕಿದ್ದನ್ನು ಕಿತ್ತು, ನಾಲ್ಕು ಓಮಿನದನ್ನು ಬೆಸೆದು ಮತ್ತೆ ಮುಚ್ಚುತ್ತಿದ್ದಳು. ಅವನ ಬರಹವನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಗಿರಾಕಿಗಳು ಹೊಗಳುತ್ತಿದ್ದರು. ದೊಬ್ರಿ ಬೀಗುತ್ತಿದ್ದ. ವೆಲಿಕಾ ಒಳಗೊಳಗೇ ಬೇಯುತ್ತಿದ್ದಳು, ಆದರೆ ಕದ್ದು ರೆಸಿಸ್ಟರ್ ಬದಲಾಯಿಸಿದೆನಲ್ಲ ಅಂತಲ್ಲ. ಅವಳ ಸಂಕಟ ಬೇರೆಯೇ. ಅವಳು ಎಲ್ಲವನ್ನೂ ಕೂಗಿ ಹೇಳಬೇಕಾಗಿತ್ತು. ಊಟಕ್ಕೆ ಬಾ ಅಂತ ಕೂಗಬಹುದು, ಟೊಪ್ಪಿ ಹಾಕಿಕೋ ಅಂತ ಕೂಗಬಹುದು. ಆದರೆ ಮೆಲ್ಲಗೆ ಹೇಳುವುದಕ್ಕೆಂದೇ ಕೆಲವು ಮಾತುಗಳಿರುತ್ತವೆ. ಇವತ್ತು ಆ ಅಂಗಿಯಲ್ಲಿ ಚೆನ್ನಾಗಿ ಕಾಣ್ತಿದ್ದೀಯ ಅಂತ ಅಂಗಳದಲ್ಲಿ ಗಂಟಲು ಹರಿದುಕೊಂಡರೆ ಅದೂ ಜಗಳದಂತೆಯೇ ಕೇಳಿಸುತ್ತದೆ. ಕಿವಿಯ ಹತ್ತಿರ ಹೋಗಿ ಹೇಳೋಣವೆಂದರೆ, ಯಾಕೆ ಹತ್ತಿರ ಬಂದೆ ಅಂತ ಅವನು ಕೇಳಿಬಿಟ್ಟರೆ? ಹಾಗಾಗಿ ದಿನಕ್ಕೆ ಒಂದೆರಡು ಮಾತು ನುಂಗುತ್ತಾ ನುಂಗುತ್ತಾ ಮೂರು ವರ್ಷ ಕಳೆದವು. ಒಂದೇ ಹಾಸಿಗೆಯಲ್ಲಿ ಮಲಗುವ ಗಂಡನಿಗಾಗಿ ಅವಳು ದೂರ ದೇಶಕ್ಕೆ ಹೋದವನಿಗಾಗಿ ಹಂಬಲಿಸಿದಂತೆ ಹಂಬಲಿಸುತ್ತಿದ್ದಳು.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಗೇಟಿನ ಮುಂದೆ ವ್ಯಾನೊಂದು ಗಕ್ಕನೆ ನಿಂತಿತು. ಇಳಿದವನು ಕ್ಲಾರಿನೆಟ್ ವಾದಕ ರಂಗೇಲ್. ಹೊಟ್ಟೆ ಮುಂದೆ, ಆಮೇಲೆ ಅವನು.

"ಮೇಸ್ತ್ರಿ, ಕೆಟ್ಟೆ ನಾನು!" ಅಂತ ಗೇಟಿನಿಂದಲೇ ಶುರು ಮಾಡಿದ. "ನಿನ್ನೆ ಟ್ರೇಲರಿಂದ ಎರಡೂ ಪೆಟ್ಟಿಗೆ ಕೆಳಗೆ ಬಿದ್ವು. ಮದುಮಗನ ಮಾವ ಕುಡ್ದು ಅದರ ಮೇಲೆ ಹತ್ತಿ ಕುಣೀತಿದ್ದ. ಅವನಿಗೇನೂ ಆಗ್ಲಿಲ್ಲ, ಪಾಪಿ. ಒಳಗಿನ ಕಾಗದದ ಕೋನ್ ಹರಿದೋಯ್ತು. ಇವತ್ತು ಹನ್ನೆರಡು ಗಂಟೆಗೆ ಇನ್ನೊಂದು ಮದುವೆ."

"ಬೇರೆಯವರಿಗೆ ಮಾಡಿದ್ದು ಒಂದು ಜೊತೆ ಇದೆ," ಅಂದ ದೊಬ್ರಿ. "ಟ್ವೀಟರ್ ಒಂದು ಹೊಂದಿಸಿ ಕೊಡ್ತೀನಿ, ತಗೊಂಡು ಹೋಗು. ಅವರಿಗೆ ಮುಂದಿನ ವಾರ ಇನ್ನೊಂದು ಮಾಡಿದ್ರಾಯ್ತು."

ವೆಲಿಕಾ ಅಡ್ಡ ಬಂದಳು. "ಒಂದು ದಿನ ಇಟ್ಟುಕೊಳ್ಳದೆ ಹೇಗೆ ಕಳಿಸೋದು?" ಅಂತ ಕೂಗಿದಳು.

"ಅಕ್ಕ, ಇವತ್ತು ಇದಿಲ್ದೆ ಹೋದ್ರೆ ದೃಷ್ಟಿ ನನಗೇ ಆಗುತ್ತೆ," ಅಂದ ರಂಗೇಲ್. "ಹುಡುಗಿ ಅಪ್ಪ ಕಟುಕ. ಕಸುಬೇ ಅದು."

ದೊಬ್ರಿ ಆಗಲೇ ಕುರ್ಚಿ ಹೊರಗೆ ತಂದಿದ್ದ. ಪೆಟ್ಟಿಗೆಗಳನ್ನು ಅಂಗಳದಲ್ಲಿ ನಿಲ್ಲಿಸಿ, ಮೈಕಿನ ಮುಂದೆ ರಂಗೇಲನನ್ನು ನಿಲ್ಲಿಸಿ, ಊದು ಅಂದ. ನಾಲ್ಕು ಓಮ್ ಸಿಕ್ಕಿಸಿದಾಗ ರಂಗೇಲನ ಮುಖ ಅರಳಿತು. "ಇದು ಕಂಬಳಿ," ಅಂತ ದೊಬ್ರಿ ಕಿತ್ತ. ಮೂರು ಹಾಕಿದ, ಎರಡು ಹಾಕಿದ, ಒಂದು ಹಾಕಿದ. ಚಪ್ಪರದ ಕೆಳಗೆ ಮಲಗಿದ್ದ ನಾಯಿ ಎದ್ದು ಮನೆಯ ಹಿಂದಕ್ಕೆ ಓಡಿತು. ವೆಲಿಕಾಳ ಹಲ್ಲು ಜುಮ್ಮೆಂದವು. ದೊಬ್ರಿ ಮಾತ್ರ ಕಣ್ಣು ಮುಚ್ಚಿಕೊಂಡೇ ಹಸನ್ಮುಖನಾದ. "ಈಗ ಬಾಯಿ ಬಿಡ್ತು ನೋಡು."

ರಂಗೇಲ್ ಕ್ಲಾರಿನೆಟ್ ಇಳಿಸಿ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿದ. "ಮೇಸ್ತ್ರಿ, ನಾನ್ಯಾರು ನಿಮಗೆ ಹೇಳೋಕೆ... ಸ್ವಲ್ಪ ಚೂಪು ಅನ್ಸಲ್ವಾ?"

"ಏನು?"

"ಚೂಪು! ಚೂಪು ಅಂದೆ!"

"ನಿನ್ನ ಕ್ಲಾರಿನೆಟ್ಟಿನ ಬಾಯಿಯ ರೀಡು ಹಳೇದಾಗಿದೆ, ಬದಲಾಯಿಸು."

"ಇವತ್ತೇ ಬದಲಾಯಿಸಿದ್ದು. ಹೋದ ವರ್ಷ ಮಾಡಿಕೊಟ್ರಲ್ಲ, ಅದು ಜೇನು. ಅದರೊಳಗೆ ಏನಿತ್ತೋ ಅದನ್ನೇ ಹಾಕಿ, ಸಾಕು."

"ಅದರಲ್ಲೂ ಇದೇ ಇರೋದು. ನನ್ನ ಮಾತು ಸಾಲದಾ? ತಾ ಇಲ್ಲಿ, ತೋರಿಸ್ತೀನಿ." ದೊಬ್ರಿಗೆ ರೋಷ ಬಂದಿತ್ತು. ರಂಗೇಲ್ ನಿನ್ನೆ ಬಿದ್ದಿದ್ದ ಹಳೆಯ ಪೆಟ್ಟಿಗೆಗಳಲ್ಲೊಂದನ್ನು ವ್ಯಾನಿನಿಂದ ಇಳಿಸಿ ತಂದ. ದೊಬ್ರಿ ಅದನ್ನು ಮಕಾಡೆ ಮಲಗಿಸಿ, ಸ್ಕ್ರೂ ಡ್ರೈವರ್ ಹಿಡಿದು ಮಂಡಿಯೂರಿದ.

ಎಂಟು ಸ್ಕ್ರೂ. ಮೊದಲನೆಯದು ಬಂತು. "ದೊಬ್ರಿ," ಅಂದಳು ವೆಲಿಕಾ, ಗಂಟಲಲ್ಲೇ. ಅವನಿಗೆ ಕೇಳಿಸಲಿಲ್ಲ. ಎರಡನೆಯದು ಬಂತು. ಕೂಗಿ ಹೇಳಿದರೆ ರಂಗೇಲನಿಗೆ ಗೊತ್ತಾಗುತ್ತದೆ, ಬೇಲಿಯಾಚೆ ಮೆಣಸಿನಕಾಯಿ ಸುಡುತ್ತಿರುವ ನೆರೆಮನೆಯವಳಿಗೆ ಗೊತ್ತಾಗುತ್ತದೆ, ಸಂಜೆಯೊಳಗೆ ಕಾಫಿ ಅಂಗಡಿಗೆ ಗೊತ್ತಾಗುತ್ತದೆ. ಸುಮ್ಮನಿದ್ದರೆ ಅವನೇ ಕಣ್ಣಾರೆ ನೋಡುತ್ತಾನೆ, ಅದೂ ಗಿರಾಕಿಯ ಎದುರು, ಮುಂಚಿತವಾಗಿ ಒಂದು ಮಾತೂ ಇಲ್ಲದೆ. ಐದನೆಯ ಸ್ಕ್ರೂ ಬರುವ ಹೊತ್ತಿಗೆ ಅವಳ ಕಾಲು ತಾನಾಗಿಯೇ ಅಂಗಳ ದಾಟಿತ್ತು. ಅವನ ಪಕ್ಕದಲ್ಲಿ ಮಂಡಿಯೂರಿ, ಹೆಗಲು ಹಿಡಿದು, ಬಾಯನ್ನು ಅವನ ಕಿವಿಗೆ ಹಚ್ಚಿದಳು.

"ಅದರಲ್ಲಿ ನಾಲ್ಕಿದೆ," ಅಂದಳು ಮೆಲ್ಲಗೆ. "ನಾನೇ ಬದಲಾಯಿಸಿದ್ದು. ಇದೊಂದೇ ಅಲ್ಲ ದೊಬ್ರಿ, ಮೂರು ವರ್ಷದಿಂದ ಎಲ್ಲಾನೂ. ನಿನ್ನ ಕಿವಿ ಮೊದಲಿನ ಹಾಗಿಲ್ಲ. ಬೈಬೇಕು ಅಂದ್ರೆ ಅವನು ಹೋದ ಮೇಲೆ ಬೈ."

ದೊಬ್ರಿಯ ಕೈ ನಿಂತಿತು. ರಂಗೇಲ್ ದ್ರಾಕ್ಷಿ ಗೊಂಚಲುಗಳನ್ನು ಎಣಿಸುವವನಂತೆ ಮೇಲೆ ನೋಡತೊಡಗಿದ. ಎಷ್ಟಾದರೂ ಸಂಗೀತಗಾರ, ಯಾವಾಗ ಸುಮ್ಮನಿರಬೇಕು ಅನ್ನುವುದು ಅವನಿಗೆ ಗೊತ್ತಿತ್ತು.

ಉಳಿದ ಮೂರು ಸ್ಕ್ರೂಗಳನ್ನೂ ದೊಬ್ರಿ ಬಿಚ್ಚಿದ. ನೋಡದೆ ನಂಬುವ ಜಾತಿಯವನಲ್ಲ ಅವನು. ಒಳಗೋಡೆಯ ಮೇಲೆ ಅವನದೇ ಅಕ್ಷರದಲ್ಲಿ ಒಂದು ಅಂತ ಬರೆದಿತ್ತು, ಕೆಳಗೆ ಸಹಿ. ಅದರ ಪಕ್ಕದಲ್ಲೇ ನಾಲ್ಕು ಓಮಿನ ರೆಸಿಸ್ಟರ್, ಎರಡು ಕಡೆ ಸಾಸಿವೆ ಕಾಳಿನಷ್ಟು ಚಿಕ್ಕ ಬೆಸುಗೆ. ಅಷ್ಟು ಅಚ್ಚುಕಟ್ಟಾಗಿ ಬೆಸೆಯುವವರು ಆ ಊರಲ್ಲಿ ಒಬ್ಬಳೇ. ಅವನು ಆ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಎದ್ದು, ಕಾದ ಬೆಸುಗೆ ಕಡ್ಡಿಯನ್ನು ಹೆಂಡತಿಯ ಕಡೆ ಚಾಚಿ, "ಹಾಗಾದ್ರೆ ನೀನೇ ಹಾಕು," ಅಂದ. ದನಿಯಲ್ಲಿ ಏನೂ ಇರಲಿಲ್ಲ. ಅದಕ್ಕಿಂತ ಅವನು ಬೈದಿದ್ದರೆ ವೆಲಿಕಾಳಿಗೆ ಹಗುರವಾಗುತ್ತಿತ್ತು.

ಅವಳು ಹೊಸ ಪೆಟ್ಟಿಗೆಗಳಿಗೆ ನಾಲ್ಕು ಓಮ್ ಹಾಕಿದಳು. ರಂಗೇಲ್ ಊದಿದ. ಆ ದನಿ ಅಂಗಳ ತುಂಬಿ, ಬೇಲಿ ದಾಟಿ, ಬೀದಿಗೆ ಇಳಿಯಿತು. ನೆರೆಮನೆಯವಳು ಅತ್ತ ಕಡೆಯಿಂದ ತಾಳಕ್ಕೆ ಚಪ್ಪಾಳೆ ತಟ್ಟಿದಳು. ದೊಬ್ರಿ ಈ ಸಲ ಕಣ್ಣು ಮುಚ್ಚಲಿಲ್ಲ. ರಂಗೇಲನ ಮುಖವನ್ನು ನೋಡಿದ, ಆಮೇಲೆ ವೆಲಿಕಾಳ ಮುಖವನ್ನು ನೋಡಿದ. ತನಗೆ ಕಂಬಳಿಯಂತೆ ಕೇಳಿಸುತ್ತಿದ್ದದ್ದು ಅವರಿಬ್ಬರ ಮುಖದಲ್ಲಿ ಏನಾಗಿ ಕಾಣುತ್ತಿದೆ ಅನ್ನುವುದನ್ನು ಅವನು ಓದಿಕೊಳ್ಳುತ್ತಿದ್ದ. ವೆಲಿಕಾಳಿಗೆ ಅದನ್ನು ನೋಡಲಾಗಲಿಲ್ಲ. ನಲ್ಲಿಯ ಕಡೆ ತಿರುಗಿದಳು.

ಪೆಟ್ಟಿಗೆಗಳು ವ್ಯಾನು ಹತ್ತಿದವು. ನಮ್ಮಲ್ಲಿ ಮನೆಯಿಂದ ಹೊಸದೇನು ಹೊರಟರೂ ದಾರಿಗೆ ನೀರು ಚೆಲ್ಲುತ್ತೇವೆ, ಎಲ್ಲವೂ ನೀರಿನಂತೆ ಸರಾಗವಾಗಿ ಸಾಗಲಿ ಅಂತ. ವೆಲಿಕಾ ತಾಮ್ರದ ಚೆಂಬಿನಲ್ಲಿ ನೀರು ತಂದು ಗಾಲಿಯ ಮುಂದೆ ಚೆಲ್ಲಿದಳು. ರಂಗೇಲ್ ಕಿಟಕಿಯಿಂದ ತಲೆ ಹಾಕಿ, "ನಾನೇನೂ ನೋಡ್ಲಿಲ್ಲ ಅಕ್ಕ, ಕೇಳಿಸಿಕೊಳ್ಳಲೂ ಇಲ್ಲ," ಅಂದ. "ಕ್ಲಾರಿನೆಟ್ ಊದೋರೆಲ್ಲ ಅರ್ಧ ಕಿವುಡ್ರೇ."

ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ಅವಳು ಗೇಟಿನ ಹತ್ತಿರವೇ ನಿಂತಳು. ಒಳಗೆ ಹೋಗುವುದಕ್ಕೆ ಭಯವಾಗುತ್ತಿತ್ತು. ಹಿಂತಿರುಗಿ ನೋಡಿದರೆ ದೊಬ್ರಿ ಅದೇ ಕುರ್ಚಿಯಲ್ಲಿ ಕೂತಿದ್ದ, ಎದುರಿಗೆ ಪೆಟ್ಟಿಗೆಗಳಿಲ್ಲದೆ.

"ಇಲ್ಲಿ ಬಾ," ಅಂದ.

"ಏನು?" ಅಂತ ಅವಳು ರೂಢಿಯಂತೆ ಕೂಗಿದಳು.

"ಕೂಗಬೇಡ. ಹತ್ತಿರ ಬಾ. ಆಗ ಬಂದ್ಯಲ್ಲ, ಅಷ್ಟು ಹತ್ತಿರ."

ಅವಳು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅವನು ಅವಳ ಕಡೆ ನೋಡದೆ, ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಾ ಕೇಳಿದ, "ಮೂರು ವರ್ಷದಿಂದ ಕೂಗಿ ಕೂಗಿ ಮಾತಾಡ್ತಿದ್ದೀಯಲ್ಲ, ಅದು ಇದಕ್ಕೇನಾ? ನನ್ನ ಕಿವಿಗೋಸ್ಕರನಾ?"

"ಮತ್ತಿನ್ಯಾಕೆ?"

"ನಾನು ಸಿಟ್ಟು ಅಂದ್ಕೊಂಡಿದ್ದೆ."

ವೆಲಿಕಾ ತಲೆಯೆತ್ತಿ ಅವನನ್ನು ನೋಡಿದಳು.

"ನೀನು ಹೇಳಿದ್ದು ಅರ್ಧಕ್ಕರ್ಧ ಅರ್ಥ ಆಗ್ತಿರಲಿಲ್ಲ, ಆದ್ರೆ ಕೂಗೋದು ಮಾತ್ರ ಚೆನ್ನಾಗಿ ಕೇಳಿಸ್ತಿತ್ತು," ಅಂದ ದೊಬ್ರಿ. "ಇವಳಿಗೆ ನಾನು ಬೇಡವಾದೆ ಅಂದ್ಕೊಂಡೆ. ಯಾವ ತಪ್ಪಿಗೆ ಅಂತ ಯೋಚನೆ ಮಾಡಿ ಮಾಡಿ ಸಾಕಾಯ್ತು. ನಿಮ್ಮಮ್ಮ ನೆಟ್ಟ ಆಕ್ರೋಟ್ ಮರ ಕಡಿದು ಮೊದಲನೇ ಪೆಟ್ಟಿಗೆ ಮಾಡಿದ್ನಲ್ಲ, ಅದನ್ನ ಮನಸ್ಸಲ್ಲಿ ಇಟ್ಕೊಂಡಿದ್ದಾಳೆ ಅಂತ ಕೊನೆಗೆ ತೀರ್ಮಾನಕ್ಕೆ ಬಂದೆ. ಕೇಳೋಣ ಅಂದ್ರೆ, ಹೌದು ಅಂದುಬಿಟ್ರೆ ಅಂತ ಹೆದರಿಕೆ."

ಮೂರು ವರ್ಷ! ಅವಳು ಇತ್ತ ಮಾತು ನುಂಗುತ್ತಿದ್ದರೆ ಅವನು ಅತ್ತ ಅವಳ ಸಿಟ್ಟನ್ನು ನುಂಗುತ್ತಿದ್ದ, ಇಲ್ಲದ ಸಿಟ್ಟನ್ನು. ಅದೂ ಒಂದೇ ಮೇಜಿನಲ್ಲಿ ಉಂಡು, ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಮಲಗಿ. ವೆಲಿಕಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಸೆರಗಿಲ್ಲದ ಹೆಂಗಸು, ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. ಆಮೇಲೆ ಅವನ ತಲೆಯನ್ನು ತನ್ನ ಕಡೆ ಎಳೆದುಕೊಂಡು, ಕಿವಿಯ ಹತ್ತಿರ ಬಾಯಿ ತಂದು, ಎಷ್ಟು ಮೆಲ್ಲಗೆ ಸಾಧ್ಯವೋ ಅಷ್ಟು ಮೆಲ್ಲಗೆ ಹೇಳಿದಳು: "ಆ ಮರದ ವಿಷಯಕ್ಕೆ ಸಿಟ್ಟಿರೋದು ನಿಜಾನೇ, ಕತ್ತೆ. ನೀನು ಬೇಡ ಅಂತ ನಾನ್ಯಾವತ್ತೂ ಅಂದ್ಕೊಂಡಿಲ್ಲ."

ದೊಬ್ರಿಯ ಕಿವಿಯ ತುದಿ ಕೆಂಪಾಯಿತೋ ಇಲ್ಲವೋ, ಅಷ್ಟು ಹತ್ತಿರದಿಂದ ಅವಳಿಗೆ ಕಾಣಲಿಲ್ಲ.

"ಏನಂದೆ? ಇನ್ನೊಂದು ಸಲ ಹೇಳು," ಅಂದ ಅವನು.

ಮೊದಲ ಸಲವೇ ಅವನಿಗೆ ಪೂರ್ತಿ ಕೇಳಿಸಿತ್ತು. ಅದು ಅವಳಿಗೂ ಗೊತ್ತಾಯಿತು. ಆದರೂ ಅವಳು ಇನ್ನೊಂದು ಸಲ ಹೇಳಿದಳು.