ಉಷ್ಣದ ಹುಣ್ಣು

ಗಂಡನ ಚಡ್ಡಿಯನ್ನು ಬಕೆಟ್ಟಿನಿಂದ ಎತ್ತಿದಾಗ ಸೌಂದರ್ಯಾಳಿಗೆ ಓಕರಿಕೆ ಬಂತು. ಬಟ್ಟೆಗೆ ಕೀವು ಅಂಟಿಕೊಂಡಿತ್ತು. ನೆನೆಹಾಕಿದ ನೀರೂ ನಾರುತ್ತಿತ್ತು.

“ಏನ್ರೀ ಇದು?”

“ಉಷ್ಣಕ್ಕ ಹುಣ್ಣಾಗೇದ. ಎಳನೀರು ಕುಡದ್ರ ಹೋಗ್ತದ,” ಎಂದು ಈರೇಶ ಮುಖ ತಿರುಗಿಸಿದ.

ಸುರಪುರದ ಕಡೆಯಿಂದ ಬಂದು ಮಹದೇವಪುರದ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದವರು ಅವರು. ಅವನದು ಟೈಲ್ಸ್ ಹಾಕುವ ಕೆಲಸ, ಅವಳದು ಅಪಾರ್ಟ್‌ಮೆಂಟಿನ ಕಸ ತೆಗೆಯುವ ಕೆಲಸ. ಯಾರ ಮನೆಯ ಕೊಳಕಿಗೂ ಅವಳು ಇಷ್ಟು ಹೇಸಿದ್ದಿಲ್ಲ. ಅಂದಿನಿಂದ ಬಾಗಿಲ ಬಳಿ ಬೇರೆ ಚಾಪೆ ಹಾಸಿಕೊಂಡಳು.

ಈರೇಶ ಶಿವಾಜಿನಗರದಲ್ಲಿ ಗುಪ್ತರೋಗಕ್ಕೆ ಮದ್ದು ಕೊಡುವವನೊಬ್ಬನಿಂದ ಹಸಿರು ಪುಡಿ ತಂದು ಹಚ್ಚಿದ. ಹುಣ್ಣು ಇನ್ನಷ್ಟು ಕೊಳೆಯಿತು. ಕೋಣೆಯ ತುಂಬ ಸತ್ತ ಇಲಿಯಂಥ ವಾಸನೆ. ಅವನು ಕಾಲಗಲಿಸಿಕೊಂಡೂ ನಡೆಯಲಾರದಾದಾಗ ಅವಳೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು.

“ಉಷ್ಣ ಅಲ್ಲ ಇದು. ಸಂಗದಿಂದ ಅಂಟ್ಕೊಂಡಿರೋ ಸೋಂಕು,” ಎಂದರು ಡಾಕ್ಟರ್ ಮೋನಿಷಾ. “ಹುಣ್ಣಾದ್ಮೇಲೂ ಹೊರಗಡೆ ಹೆಂಗಸರ ಹತ್ರ ಹೋಗಿದ್ರಾ?”

ಈರೇಶ ನೆಲ ನೋಡಿದ. “ಹೋಗಿದ್ದೆರೀ.”

“ಕಾಂಡೋಮ್ ಹಾಕ್ಕೊಂಡಿದ್ರಾ?”

ಅವನು ಇಲ್ಲವೆಂದು ತಲೆಯಾಡಿಸಿದ.

“ಚರ್ಮ ಹೀಗೆ ಒಡೆದಿದ್ರೆ ಎಚ್‌ಐವಿ ಒಳಗೆ ನುಗ್ಗೋದು ಸಲೀಸು. ಅದೂ ಅಲ್ದೆ, ಸೋಂಕಿನ ಜೊತೆ ಹೋರಾಡೋಕೆ ರಕ್ತದ ಬಿಳಿ ಕಣಗಳು ಹುಣ್ಣಿನ ಹತ್ರ ಬಂದು ಸೇರ್ತವೆ. ಆ ವೈರಸ್ ಹಿಡಿಯೋದೇ ಅಂಥ ಕಣಗಳನ್ನ.”

ಆ ಹುಣ್ಣಿಟ್ಟುಕೊಂಡೇ ಹೋಗಿದ್ದನಲ್ಲ! ಸೌಂದರ್ಯಾ ಹೊರಗೆ ಓಡಿ ನಲ್ಲಿಯ ಬಳಿ ವಾಂತಿ ಮಾಡಿದಳು.

ಅವಳಿಗೂ ಅಂಟಿರಬಹುದೆಂದು ಇಬ್ಬರಿಗೂ ಇಂಜೆಕ್ಷನ್ ಕೊಟ್ಟರು. ಅವನ ಹುಣ್ಣು ಮಾಯಿತು. ಎಚ್‌ಐವಿ ಪರೀಕ್ಷೆಯಲ್ಲಿ ಆ ಮೊದಲ ದಿನ ಏನೂ ಕಾಣಲಿಲ್ಲ. “ಇಷ್ಟು ಬೇಗ ಗೊತ್ತಾಗಲ್ಲ. ಮೂರು ತಿಂಗಳು ಬಿಟ್ಟು ಬನ್ನಿ,” ಎಂದರು ಡಾಕ್ಟರ್. ಎರಡನೇ ಸಲ ಹೋದಾಗ ಅವಳಿಗೆ ಇರಲಿಲ್ಲ, ಅವನಿಗೆ ಇತ್ತು.

“ಹುಣ್ಣು ಮಾಯ್ದದಲ್ರೀ ಮೇಡಂ!” ಎಂದ ಈರೇಶ.

“ಅದು ಮಾಯೋಕೆ ಮುಂಚೆನೇ ಇದು ಸೇರ್ಕೊಂಡಿದೆ. ದಿನಾ ಮಾತ್ರೆ ತಗೊಳ್ಳಿ, ಎಲ್ಲರ ಹಾಗೇ ಬದುಕ್ತೀರಿ.”

ಬಸ್ ನಿಲ್ದಾಣದಲ್ಲಿ ಈರೇಶ ಅವಳ ಮೊಣಕೈ ಹಿಡಿದ. “ಯಾರಿಗೂ ಹೇಳಬ್ಯಾಡ. ಕೇಳಿದ್ರ ಉಷ್ಣ ಅನ್ನು.”

ಅವಳು ಕೈ ಕೊಡವಿಕೊಂಡಳು. ಮದುವೆಯಾದ ಮೇಲೆ ಮೊದಲ ಬಾರಿಗೆ ಗಂಡನನ್ನು ಏಕವಚನದಲ್ಲಿ ಕರೆದಳು.

“ನೀ ಮಾತ್ರಿ ತಪ್ಪಿಸಬ್ಯಾಡ, ಬದುಕು. ಆದ್ರ ನನ್ನ ಮೈ ಮುಟ್ಟಬ್ಯಾಡ. ಹೇಸಿಗಿ ಬರ್ತದ.”

ಅಕ್ಕ ಬಾಲಮ್ಮನ ಮನೆಯಿದ್ದ ಮಾರತ್ತಹಳ್ಳಿಯ ಬಸ್ಸು ಬಂತು. ಸೌಂದರ್ಯಾ ಹತ್ತಿ, ಕಿಟಕಿಯ ಪಕ್ಕ ಕೂತು, ಮೊಣಕೈಯನ್ನು ಸೆರಗಿನಿಂದ ಒರೆಸಿಕೊಂಡಳು.