ಕೊಂಬು ಕೆಳಗಾದ ಚಂದ್ರ

ಅಫ್ಸರ್ ಪಾಷಾನ ಹೆಸರು ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಳವಳ್ಳಿಯಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ, ಪಕ್ಕದಲ್ಲೇ ಅವನ ತಗಡಿನ ಕೆಲಸದ ಅಂಗಡಿ. ಯುದ್ಧ ಮುಗಿದ ವರ್ಷ ಇಬ್ಬರೂ ಸೇರಿ ಒಂದು ದುರ್ಬೀನು ಮಾಡಿದೆವು. ಮುಂದುಗಡೆ ಕನ್ನಡಕದ ಉಬ್ಬುಗಾಜು, ಕಣ್ಣಿನ ಕಡೆಗೆ ನಾನು ಗಡಿಯಾರ ನೋಡುವ ಭೂತಗನ್ನಡಿ, ನಡುವೆ ಅಫ್ಸರ್ ಸುತ್ತಿದ ಎರಡು ಮೊಳದ ತಗಡಿನ ಕೊಳವೆ.

ಮೊದಲ ದಿನವೇ ಅವನು ಮುಖ ಸಿಂಡರಿಸಿದ. “ಏನ್ ಭಾಯ್, ಚುಕ್ಕಿ ಚುಕ್ಕಿಯಾಗೇ ಅದೆ! ದಪ್ಪಾನೇ ಆಗ್ಲಿಲ್ವಲ್ಲ!”

ಸ್ಕೂಲಿನ ರಾಮಾನುಜ ಮೇಷ್ಟ್ರು ನನಗೆ ಹೇಳಿಕೊಟ್ಟದ್ದನ್ನೇ ಅವನಿಗೆ ಒಪ್ಪಿಸಿದೆ. ಒಂದೊಂದು ನಕ್ಷತ್ರವೂ ಒಂದೊಂದು ಸೂರ್ಯ. ಅದರ ಬೆಳಕು ನಮ್ಮನ್ನು ಮುಟ್ಟುವುದಕ್ಕೆ ವರ್ಷಗಟ್ಟಲೆ ಬೇಕು, ಅಷ್ಟು ದೂರ. ದುರ್ಬೀನು ಹೆಚ್ಚು ಬೆಳಕು ಕೂಡಿಸುತ್ತದೆಯೇ ಹೊರತು ಚುಕ್ಕಿಯನ್ನು ತಟ್ಟೆ ಮಾಡುವುದಿಲ್ಲ. ಜ್ಯೇಷ್ಠಾ ಕೆಂಪು, ಅಭಿಜಿತ್ ನೀಲಿ ಬೆರೆತ ಬಿಳುಪು. ಬಿಳಿಯದೇ ಹೆಚ್ಚು ಬಿಸಿ ಎಂದೆ. ಅದು ಅವನಿಗೆ ತಟ್ಟನೆ ಹೊಳೆಯಿತು. “ಕುಲುಮೇಲಿ ಕಬ್ಬುಣ ಕಾದಂಗೆ ಅನ್ನು!” ಎಂದ. ದುರ್ಬೀನಿನಲ್ಲಿ ತೆಂಗಿನ ಮರ ತಲೆಕೆಳಗಾಗಿದೆ ಎಂದು ಕೂಗಿದವನೂ ಅವನೇ. ಎರಡು ಉಬ್ಬುಗಾಜು ಸೇರಿದರೆ ಹಾಗೆಯೇ ಎಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದೆ.

ರಂಜಾನಿನ ಇಪ್ಪತ್ತೊಂಬತ್ತನೆಯ ಸಂಜೆ ಮೋಡ ಕವಿದಿತ್ತು. ಚಂದ್ರ ಕಂಡರೆ ನಾಳೆ ಹಬ್ಬ, ಇಲ್ಲದಿದ್ದರೆ ಇನ್ನೊಂದು ಉಪವಾಸ. ಹಬ್ಬದ ದಿನ ಉಪವಾಸ ಹಿಡಿಯುವುದು ನಮ್ಮಲ್ಲಿ ತಪ್ಪು. ಮೋಡವಿದ್ದಾಗ ಕಂಡವರು ಇಬ್ಬರಾದರೂ ಸಾಕ್ಷಿ ಹೇಳಲೇಬೇಕು. ಉಪವಾಸ ಬಿಡುವ ಖರ್ಜೂರ ಬಾಯಿಗೆ ಹಾಕಿಕೊಂಡು, ದುರ್ಬೀನು ಹೊತ್ತು ಇಬ್ಬರೂ ಕೆರೆ ಏರಿ ಹತ್ತಿದೆವು. ಮೋಡದ ಬಿರುಕಿನಲ್ಲಿ ಉಗುರಿನ ಚೂರಿನಷ್ಟು ಚಂದ್ರ ಕಂಡೇಬಿಟ್ಟ. ನಾನು ನೋಡಿದೆ, ಅಫ್ಸರ್ ನೋಡಿದ, ಬಿರುಕು ಮುಚ್ಚಿಕೊಂಡಿತು. ಬರಿಗಣ್ಣಿಗೆ ಆಗಲೂ ಏನೂ ಕಂಡಿರಲಿಲ್ಲ.

ಸಾಕ್ಷಿ ಹೇಳಲು ಮಸೀದಿಗೆ ಓಡಿದೆವು. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಸಾಹೇಬರು ಅಫ್ಸರನಿಗೆ ಮಗಳನ್ನು ಕೊಡಲು ಒಪ್ಪಿದ್ದವರು. ಅವರು ರೂಢಿಯಂತೆ ಕೇಳಿದರು: “ಕೊಂಬು ಯಾವ್ ಕಡೀಕಿದ್ವು, ನಜೀರ್?”

ಎಳೆ ಚಂದ್ರನ ಕೊಂಬು ಯಾವತ್ತೂ ಮೇಲಕ್ಕೇ; ಹಾಗೆಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸಾಕ್ಷಿಗೆ ನಿಂತವನು ಕಣ್ಣು ಕಂಡದ್ದನ್ನೇ ಹೇಳಬೇಕು. “ಕೆಳಿಕ್ಕೆ,” ಎಂದೆ.

ಸೇರಿದ್ದವರೆಲ್ಲ ಗೊಳ್ಳೆಂದು ನಕ್ಕರು. ದುರ್ಬೀನು ತಿರುಗಿಸಿ ತೋರಿಸುತ್ತದೆ ಎಂದು ಬಡಕೊಂಡೆ. “ಅಂಗಾರೆ ನಿನ್ ಕೊಳವೆ ಸುಳ್ಳೇಳ್ತದೆ ಅನ್ನು,” ಎಂದರು ಯಾರೋ.

“ಅಫ್ಸರೂ ನೋಡವ್ನೆ. ಏಳ್ಲಾ ಅಫ್ಸರ್!”

ಅವನು ಮಾವನಾಗುವವರ ಮುಖ ನೋಡಿದ. “ನಂಗೇನೂ ಕಾಣ್ಲಿಲ್ಲ,” ಎಂದ.

ನನ್ನ ಜೊತೆ ನಗೆಪಾಟಲಾದರೆ ಹೆಣ್ಣು ಕೈತಪ್ಪೀತು ಎಂಬ ಅಂಜಿಕೆ. ಅದು ನನಗೆ ಅರ್ಥವಾಗದೆ ಇರಲಿಲ್ಲ. ಆದರೂ ತಮ್ಮನೆಂದು ನಂಬಿದವನು ಊರೆದುರು ನನ್ನ ಕತ್ತು ಕೊಯ್ದ. ಮರುದಿನ ಎಲ್ಲರ ಜೊತೆ ನಾನೂ ಉಪವಾಸ ಹಿಡಿದೆ, ಒಂಟಿ ಸಾಕ್ಷಿಗೆ ಬೇರೆ ಹಬ್ಬವಿಲ್ಲ. ಸಂಜೆ ಮೋಡ ಹರಿದು ಚಂದ್ರ ಎತ್ತರದಲ್ಲಿ ದಪ್ಪಗೆ ಕೂತಿದ್ದ. ಎರಡನೆಯ ದಿನದವನೆಂದು ಕುರುಡನೂ ಹೇಳಬಹುದಿತ್ತು. ಯಾರೂ ಹೇಳಲಿಲ್ಲ.

ಹಬ್ಬದ ನಮಾಜು ಮುಗಿದು ಎಲ್ಲರೂ ಅಪ್ಪಿಕೊಳ್ಳುವಾಗ ಅಫ್ಸರ್ ನನ್ನ ಹತ್ತಿರವೂ ಬಂದ. ಅಪ್ಪಿಕೊಂಡು ಕಿವಿಯಲ್ಲಿ, “ನಂಗೂ ಕಂಡಿತ್ತು ಭಾಯ್,” ಎಂದ.

ನಾನು ಅವನ ತೋಳು ಬಿಡಲಿಲ್ಲ. “ಗಟ್ಟಿಯಾಗಿ ಏಳು.”

ಎರಡು ಹೆಜ್ಜೆಯಾಚೆ ಮುತವಲ್ಲಿ ಸಾಹೇಬರು ನಿಂತಿದ್ದರು. ಅಫ್ಸರ್ ತೋಳು ಕೊಸರಿಕೊಂಡು ಹೋಗಿ ಅವರನ್ನು ಅಪ್ಪಿಕೊಂಡ.